ಕೊನೆಯ ನೊಗದ ಅಳತೆ

ಸೂಲಿಬೆಲೆಯ ಬಡಗಿ ಚಲಪತಿ ಆಚಾರಿಯ ಚಪ್ಪರಕ್ಕೆ ಹನ್ನೊಂದು ವರ್ಷದ ಮೇಲೆ ನೊಗ ಬೇಕೆಂದು ಒಬ್ಬರು ಬಂದರು. ಬಂದವಳು ಬಿಂದುಶ್ರೀ, ದೇವನಹಳ್ಳಿ ರಸ್ತೆಯ ಹೊಸ ಹೋಟೆಲಿಗೆ ಗೋಡೆ ಅಲಂಕಾರ ಮಾಡಿಸುವ ಹುಡುಗಿ.

"ಎತ್ತು ಎಲ್ಲಿ ಕಟ್ಟಿದ್ದೀಯಮ್ಮಾ?"

"ಎತ್ತಿಲ್ಲ ತಾತ, ಗೋಡೆಗೆ ನೇತುಹಾಕೋಕೆ. ಕೆಳಗೊಂದು ಬರಹ ಇರುತ್ತೆ, ಕೇಳಿ."

ಅವಳು ಫೋನ್ ನೋಡಿ ಓದಿದಳು. ನೊಗಕ್ಕೆ ಇಂಗ್ಲಿಷರು ಯೋಕ್ ಅನ್ನುತ್ತಾರೆ, ಜರ್ಮನ್ನರು ಯೋಖ್. ಹಳೆಯ ಲ್ಯಾಟಿನ್ನಿನಲ್ಲಿ ಅದು ಯುಗುಮ್, ರಷ್ಯನ್ನರಿಗೆ ಈಗೊ, ನಮ್ಮ ಸಂಸ್ಕೃತದಲ್ಲಿ ಯುಗ. ಸಾವಿರಾರು ವರ್ಷದ ಹಿಂದೆ ಇವೆಲ್ಲ ಒಂದೇ ಮಾತು. ಬೇರಿನ ಅರ್ಥ, ಕೂಡಿಸುವುದು.

"ಅಷ್ಟು ದೇಶ ತಿರುಗಿದ್ರೂ ತನ್ನ ಕೆಲಸ ಮರೆತಿಲ್ಲ ನೋಡು," ಎಂದ ಆಚಾರಿ. "ಅದಿರ್ಲಿ, ಯಾವ ಜೊತೆ ಎತ್ತಿಗೆ?"

"ಅಯ್ಯೋ, ಯಾವುದಕ್ಕೂ ಅಲ್ಲ ಅಂದ್ನಲ್ಲ ತಾತ!"

ಅವಳು ಹೋದಳು. ಆಚಾರಿಗೆ ಸಮಾಧಾನವಿಲ್ಲ. ಅವನ ಮನೆತನದಲ್ಲಿ ಎರಡು ಹೆಗಲ ಮೇಲೆ ಕೂರದ ನೊಗ ಗಿರಾಕಿಯ ಕೈ ಸೇರಿದ್ದಿಲ್ಲ. ಎತ್ತುಗಳ ಮೇಲಿಟ್ಟು, ಅಳತೆ ನೋಡಿ, ಊದುಕಡ್ಡಿ ಬೆಳಗಿಯೇ ಕೊಡುವುದು. ಕಣ್ಣು ಮಂಜಾಗುತ್ತಿತ್ತು, ಇದೇ ತನ್ನ ಕೊನೆಯ ನೊಗವೆಂದು ಅವನಿಗೆ ಗೊತ್ತಿತ್ತು. ಈ ನೊಗ ಸುಳ್ಳು ನೊಗವಾಗಿ ಹೋಗಬಾರದು, ದೇವರೇ, ಎಂದುಕೊಂಡ.

ಬೇವಿನ ತೊಲೆಯಲ್ಲಿ ನೊಗ ಕೆತ್ತಿ, ಹೊತ್ತುಕೊಂಡು, ಜೋಡಿ ಎತ್ತು ಹುಡುಕುತ್ತ ಊರೆಲ್ಲ ಸುತ್ತಿದ. ಮನೆಮನೆಯಲ್ಲೂ ಹಾಲಿನ ಹಸು, ಟ್ರ್ಯಾಕ್ಟರು. ಉಳಿದಿದ್ದು ಮಾರಕ್ಕನ ಮನೆಯ ಒಂದು ಎತ್ತು. ಅದರ ಜೊತೆಯದು ಹೋದ ಆಷಾಢದಲ್ಲಿ ಸತ್ತಿತ್ತು.

"ಒಂಟಿ ಎತ್ತಿಗೆ ನೊಗ ಹೊತ್ಕೊಂಡ್ ಬಂದಿದ್ದೀಯಲ್ಲ ಆಚಾರಿ, ತಲೆ ನೆಟ್ಟಗೈತಾ?"

"ಒಂದ್ಗಳಿಗೆ ಬಿಚ್ಚಕ್ಕ, ನಿನ್ನ ದಮ್ಮಯ್ಯ."

ಹಗ್ಗ ಬಿಚ್ಚಿದ್ದೇ ತಡ, ಎತ್ತು ತಾನಾಗಿ ಬಂದು ನೊಗದ ಬಲಗಡೆ ನಿಂತು ಕತ್ತು ಬಗ್ಗಿಸಿತು. ಆಮೇಲೆ ಎಡಕ್ಕೆ ತಿರುಗಿ ನೋಡಿತು. ನೋಡುತ್ತಲೇ ನಿಂತಿತು.



ಆಚಾರಿ ಮೇಲುವಸ್ತ್ರ ತೆಗೆದಿಟ್ಟು, ನೊಗದ ಎಡತುದಿಯನ್ನು ತನ್ನ ಹೆಗಲಿಗೆ ಏರಿಸಿಕೊಂಡ. ಎತ್ತು ಅವನನ್ನು ಮೂಸಿ ನೋಡಿ ಒಂದು ಹೆಜ್ಜೆ ಇಟ್ಟಿತು. ಅವನೂ ಇಟ್ಟ.

"ಲೇ ಮುದುಕಾ, ಸೊಂಟ ಮುರ್ಕೊಂಡ್ಬಿಟ್ಟೀಯಾ! ನಿನಗೂ ಹುಲ್ಲು ಹಾಕ್ಬೇಕೇನೋ?"

"ತಡಿಯಕ್ಕ. ನನ್ನ ಕಡೆ ಒಂದು ಚೂರು ಒತ್ತುತೈತೆ."

ಅಲ್ಲೇ ಕೂತು, ಒತ್ತುತ್ತಿದ್ದ ಜಾಗವನ್ನು ಉಳಿಯಿಂದ ತನ್ನ ಹೆಗಲಿಗೆ ತಕ್ಕಂತೆ ತಗ್ಗಿಸಿದ. ಮತ್ತೆ ಹೊತ್ತ. ಸರಿಯಾಗಿ ಕೂತಿತು. ಮಾರಕ್ಕ ಒಳಗಿಂದ ಊದುಕಡ್ಡಿ ತಂದು ಇಬ್ಬರಿಗೂ ಬೆಳಗಿದಳು.

ಬಿಂದುಶ್ರೀ ನೊಗ ಒಯ್ಯಲು ಬಂದಾಗ ಬೆರಳಾಡಿಸಿ ನೋಡಿದಳು. "ಎರಡು ಕಡೆ ಒಂದೇ ಥರ ಇಲ್ವಲ್ಲ ತಾತ?"

"ಹೆಗಲು ಒಂದೇ ಥರ ಇರಾಕಿಲ್ಲಮ್ಮ."

ಕಾರು ಹೋಯಿತು. ಮಾರನೆಯ ಬೆಳಿಗ್ಗೆ ಆಚಾರಿ ಬರಿಗೈಯಲ್ಲಿ ಮಾರಕ್ಕನ ಹಿತ್ತಲಿಗೆ ಹೋಗಿ ಎತ್ತಿನ ಎಡಗಡೆ ನಿಂತ. ಅದು ತಿರುಗಿ ನೋಡಿ, ನಿಧಾನವಾಗಿ ಹುಲ್ಲಿಗೆ ಬಾಯಿ ಹಾಕಿತು.