ತಾಕತ್ತಿನ ಗುಳಿಗಿ

ಸೀಮೆಸುಣ್ಣದ ಖಡು ಕರಿಹಲಗೆಗೆ ತಾಗಿ ಕಿರ್ರೆಂದಿತು, ಯಾವತ್ತೂ ಒಂದೇ ಎಳೆಯಲ್ಲಿ ಬರುವ ವರ್ತುಲ ಇವತ್ತು ರಂಜನಾಳ ಕೈಯಲ್ಲಿ ಬದನೆಕಾಯಿಯ ಹಾಗೆ ಸೊಟ್ಟಗಾಗಿ ಕೂತಿದೆ, ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ನಗಲಿ, ಜೀವಕೋಶದ ಚಕ್ರ, ಬೆಳೆಯುವ ಹಂತ, ನಕಲಾಗುವ ಹಂತ, ನಡುವೆ ಒಂದು ಗೇಟು — ಹನ್ನೊಂದು ವರ್ಷದಿಂದ ಅಕ್ಕಿಆಲೂರಿನ ಈ ಕಾಲೇಜಿನಲ್ಲಿ ಇದನ್ನೇ ಹೇಳುತ್ತಿದ್ದಾಳೆ, ಸೈಕ್ಲಿನ್ ಎನ್ನುವ ಪ್ರೋಟೀನು ಬಂದು ಕೈನೇಸ್ ಎನ್ನುವುದನ್ನು ಎಬ್ಬಿಸುತ್ತದೆ, ಎರಡೂ ಸೇರಿ ಗೇಟು ಕಾಯುವ ಪ್ರೋಟೀನನ್ನು ಪಕ್ಕಕ್ಕೆ ಸರಿಸುತ್ತವೆ, ಕೋಶ ಒಳಗೆ ನುಗ್ಗಿ ಒಂದು ಎರಡಾಗುತ್ತದೆ, ಸಾಕಾದ ಮೇಲೆ ಗೇಟು ಬೀಳುತ್ತದೆ. ಬೀಳಲಿಲ್ಲಂದ್ರ ಏನಾಗ್ತದರಿ ಮಿಸ್, ಮುಂದಿನ ಬೆಂಚಿನ ಪೂಜಾ. ಬೀಳದಿದ್ದರೆ ಎರಡು ನಾಲ್ಕಾಗಿ ನಾಲ್ಕು ಎಂಟಾಗಿ ಅವ್ವನ ಎಡ ಎದೆಯಿಂದ ಹೊರಟು ಬೆನ್ನೆಲುಬಿನ ತನಕ ಹೋಗುತ್ತದೆ ಪೂಜಾ, ಅದಕ್ಕೊಂದು ಗುಳಿಗೆ ಇದೆ, ಇಪ್ಪತ್ತೊಂದು ದಿನ ದಿನಕ್ಕೊಂದು, ಏಳು ದಿನ ಬಿಡುವು, ಆ ಕೈನೇಸಿನ ಕೈ ಹಿಡಿದು ಕೂರಿಸುತ್ತದೆ, ದಿನಾ ತೊಗೊಂಡರೆ, ದಿನಾ ತೊಗೊಂಡರೆ ಮಾತ್ರ — ಕ್ಯಾನ್ಸರ್ ಆಗ್ತದ, ಎಂದಳು, ಬರ್ಕೊರ್ರಿ.

ಎಷ್ಟು ಸಲೀಸಾಗಿ ಬಂತು, ನಲವತ್ತು ಮಕ್ಕಳ ಮುಂದೆ, ಮನೆಯಲ್ಲಿ ಎಂಟು ತಿಂಗಳಿಂದ ಆ ಶಬ್ದವಿಲ್ಲ. ಅಣ್ಣ ಶಂಭುಲಿಂಗ ಹುಬ್ಬಳ್ಳಿಯ ಆಸ್ಪತ್ರೆಯ ಮೆಟ್ಟಿಲ ಮೇಲೇ ತೀರ್ಮಾನ ಮಾಡಿಬಿಟ್ಟಿದ್ದ, ಹೆಸರ ಕೇಳಿದ್ರ ಅವ್ವ ಅಲ್ಲೇ ಅರ್ಧ ಸಾಯ್ತಾಳ, ತಾಕತ್ತಿನ ಗುಳಿಗಿ ಅಂತ ಹೇಳೂಣು, ನೀ ಬಾಯಿ ಬಿಡಬ್ಯಾಡ, ಮತ್ತು ಇವಳು, ಎಮ್ಮೆಸ್ಸಿ ಓದಿದವಳು, ಮಾತನ್ನು ತೂಗಿ ಆಡುವವಳೆಂದು ಸ್ಟಾಫ್ ರೂಮಿನಲ್ಲಿ ಹೆಸರಾದವಳು, ತೂಗಿ ತೂಗಿ ಸುಮ್ಮನಾದಳು. ದಿನಾ ಸಂಜೆ ಗುಳಿಗೆ ಪಟ್ಟಿಯ ಖಾಲಿ ಗುಂಡಿಗಳನ್ನು ಎಣಿಸಿದ್ದಾಳೆ, ಒಂದೂ ಹೆಚ್ಚುಕಡಿಮೆ ಇಲ್ಲ, ಹೋದ ವಾರ ಸ್ಕ್ಯಾನಿನಲ್ಲಿ ಗಂಟು ಬೆಳೆದದ್ದು ಕಂಡು ಡಾಕ್ಟರು ಗುಳಿಗಿ ಸರಿಯಾಗಿ ತೊಗೊಂಡಾರೇನ್ರಿ ಎಂದಾಗ ಹರಿಹಾಯ್ದಿದ್ದಳು, ನಾನ ಎಣಸ್ತೇನ್ರಿ. ನುಂಗುವ ಬಾಯಿ ಯಾವುದೆಂದು ಪಟ್ಟಿ ಹೇಳುತ್ತದೆಯೇ. ಇವತ್ತು ಬೆಳಿಗ್ಗೆ ಬಸ್ಸಿಗೆ ಹೊತ್ತಾಗಿ ಓಡುವಾಗ ಪಕ್ಕದ ಮನೆಯ ಜಾವೇದ, ತಾಯಿ ಚಾಂದಬಿಯ ರಕ್ತದ ರಿಪೋರ್ಟು ಹಿಡಿದು ಅಡ್ಡ ಬಂದ, ಟೀಚರ, ಒಂಚೂರು ನೋಡ್ರಿ, ಬಿಳಿ ಕಣ ಇಳದಾವಂತ, ಬಾಯಿ ತುಂಬ ಹುಣ್ಣು, ನಿಮ್ಮ ಅವ್ವಾರು ಕೊಡೂ ತಾಕತ್ತಿನ ಗುಳಿಗಿ ಬಿಟ್ರ ಅಮ್ಮ ಬ್ಯಾರೇ ಏನೂ ತೊಗೊಂಡಿಲ್ಲರಿ.

ತಿರುಗಿ ಒಳಗೆ ಓಡಿದರೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಮುಚ್ಚಿಡಲಿಲ್ಲ, ಮೂರು ತಿಂಗಳಾತು, ಒಂದಿನ ನಾ, ಒಂದಿನ ಅಕಿ, ಮೊಣಕಾಲ ಹಿಡಕೊಂಡ ಕುಂತಿರ್ತಾಳ ಪಾಪ, ನಾ ಒಬ್ಬಾಕಿನ ಗಟ್ಟಿಯಾಗಿ ಯಾರ ಕೂಡ ಕುಸ್ತಿ ಆಡ್ಲಿ — ಎಂದು ನಕ್ಕಳು ಕೂಡ, ಆ ನಗು, ಕಟ್ಟೆಯ ಮೇಲೆ ಇಬ್ಬರು, ಹಿಟ್ಟು ಮೆತ್ತಿದ ಅಂಗೈ ಚಾಚಿಕೊಂಡು ಅವ್ವ, ರಂಜನಾ ಅದನ್ನು ಕಂಡವಳೇ ಅಲ್ಲ, ಆದರೂ ಬಸ್ಸಿನುದ್ದಕ್ಕೂ ಕಂಡಿತು, ಈಗ ಹಲಗೆಯ ಮೇಲೂ ಕಾಣುತ್ತಿದೆ, ಅಂಗೈಯ ಗೆರೆಗೆರೆಯಲ್ಲಿ ಜೋಳದ ಹಿಟ್ಟು, ನಡುವೆ ಗುಳಿಗೆ. ಯಾರ ಮೇಲೆ ಹರಿಹಾಯಲಿ, ಅರ್ಧ ಪಾಲು ಕೊಟ್ಟವಳ ಮೇಲೋ, ತೊಗೊಂಡು ದುವಾ ಮಾಡಿದವಳ ಮೇಲೋ. ಗುಳಿಗಿ ಇವತ್ತ ಬಂದ್ ಮಾಡಸ್ರಿ, ಈಗಿಂದೀಗ ದವಾಖಾನಿಗೆ ಕರ್ಕೊಂಡ ಹೋಗ್ರಿ ಎಂದು ಬಸ್ಸು ಹತ್ತುವ ಮೊದಲು ಓಣಿಯಲ್ಲಿ ನಿಂತು ಜಾವೇದನಿಗೆ ರೋಗದ ಹೆಸರು ಹೇಳಿ ಬಂದಿದ್ದಳು, ಜಾವೇದನಿಗೆ, ಅವ್ವನಿಗಲ್ಲ, ಸಂಜೆಯೊಳಗೆ ಅದು ಗೋಡೆ ದಾಟಿ ಅವ್ವನ ಕಿವಿಗೆ ಬೀಳುತ್ತದೆ.

ಗಂಟೆ ಹೊಡೆಯಿತು, ವರಾಂಡದಲ್ಲಿ ಅಣ್ಣನ ಫೋನು, ಬಸ್ಸಿನಿಂದಲೇ ಅವನಿಗೆ ಎಲ್ಲ ತಿಳಿಸಿದ್ದಳು, ಆತಲ್ಲ, ಇನ್ನ ಮ್ಯಾಲೆ ಟ್ರಂಕಿನ್ಯಾಗಿಟ್ಟು ಕೀಲಿ ಹಾಕು, ನೀನ ನುಂಗಸು, ಹೆಸರ ಮಾತ್ರ ಬ್ಯಾಡ ರಂಜು. ಹೆಸರು ಮಾತ್ರ ಬೇಡ — ಮೂರು ತಿಂಗಳು ಗೇಟು ತೆರೆದು ನಿಂತಿತ್ತು, ತೆರೆದಿಟ್ಟವರು ನಾವಿಬ್ಬರು, ಓದಿದವರು. ಅಣ್ಣಾ, ಇವತ್ತ ಹೇಳ್ತೇನಿ, ಮಾತು ತೂಗಲಿಲ್ಲ, ನೀ ಬರ್ತಿದ್ರ ಬಾ, ಇಲ್ಲಾಂದ್ರ ನಾ ಒಬ್ಬಾಕಿನ ಹೇಳ್ತೇನಿ, ಫೋನು ಇಟ್ಟಳು, ಮನೆಗೆ ಹೋಗುವ ಹಾನಗಲ್ಲಿನ ಬಸ್ಸಿಗೆ ಇನ್ನೂ ಹೊತ್ತಿದೆ, ನಿಂತಲ್ಲೇ ಸಾಲುಗಳನ್ನು ಜೋಡಿಸಿದಳು, ಅವ್ವಾ ಕುಂಡ್ರು, ಅವ್ವಾ ನಿನಗ ಆಗಿದ್ದು, ಅವ್ವ ಅಳುವುದಿಲ್ಲ, ತನ್ನ ಸಾವನ್ನು ಕೇಳುವುದೂ ಇಲ್ಲ, ರಂಜನಾಳಿಗೆ ಗೊತ್ತು ಅವ್ವ ಏನು ಕೇಳುತ್ತಾಳೆಂದು, ಹಂಗಾರ ನಾ ಚಾಂದಬಿಗೆ ಏನ ಕೊಟ್ಟೆನವಾ, ಎಂದು ಕೇಳಿ ತನ್ನ ಕೈ ತಾನೇ ತಿರುವಿ ನೋಡಿಕೊಳ್ಳುತ್ತಾಳೆ, ಅದಕ್ಕೆ, ಅದಕ್ಕೆ ಏನು ಹೇಳಲಿ, ಗೆರೆಗೆರೆಯಲ್ಲಿ ಹಿಟ್ಟು, ಆ ಅಂಗೈ, ಚಾಚಿದ ಅಂಗೈ —