ಇವತ್ತಿನ ಗಾಳಿಗೆ

ಬೀರುವಿನಿಂದ ಏಳನೆಯ ಅಂಗಿಯನ್ನು ಎಳೆದು, ಜೇಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಅಮ್ಮ ಅದನ್ನೂ ಮಂಚದ ಮೇಲೆ ಎಸೆದಳು.

"ಇದ್ರಲ್ಲೂ ಮಸಿ! ನೆಟ್ಟಗಿರೋ ಅಂಗಿ ಒಂದಾದ್ರೂ ಇಟ್ಕೊಂಡಿದ್ದಾರಾ ನಿಮ್ಮಪ್ಪ?"

"ಯಾವ್ದಾದ್ರೂ ಹಾಕೋಣ ಬಿಡಮ್ಮ," ಎಂದಳು ಮಗಳು.

"ಯಾವ್ದೋ ಒಂದು ಹಾಕೋಕೆ ಅವರೇನು ಗ್ಯಾರೇಜಿಗೆ ಹೊರಟಿದ್ದಾರಾ?"

ಮಾತು ಬಾಯಿಂದ ಬಿದ್ದ ಮೇಲೆ ಅಮ್ಮ ಮಂಚದ ಅಂಚಿಗೆ ಕೂತುಬಿಟ್ಟಳು. ಪಕ್ಕದ ಕೋಣೆಯಲ್ಲಿ ಅಪ್ಪ ತಣ್ಣಗೆ ಮಲಗಿದ್ದರು. ನಾಲ್ಕು ಗಂಟೆಗೆ ಸ್ಮಶಾನಕ್ಕೆ ಒಯ್ಯುವ ವ್ಯಾನು ಬರುವುದಿತ್ತು.

ಎಲ್ಲ ಅಂಗಿಗಳ ಎಡಜೇಬಿನಲ್ಲೂ ಒಂದೇ ಗಾತ್ರದ ಕರಿಕಲೆ. ಕಾರು ಓಡಿ ನಿಂತ ಕೂಡಲೇ ಎಂಜಿನ್ನಿನಿಂದ ಕಿಡಿ ಹೊತ್ತಿಸುವ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ತುದಿಯ ಬಣ್ಣ ನೋಡಿ, ಜೇಬಿಗೆ ಇಳಿಸಿಕೊಳ್ಳುವುದು ಅವರ ನಲವತ್ತು ವರ್ಷದ ಚಾಳಿ. ತುದಿ ಕಪ್ಪಾಗಿದ್ದರೆ ಎಂಜಿನ್ ಅತಿಯಾಗಿ ಪೆಟ್ರೋಲ್ ಕುಡಿದಿದೆ, ಬೆಳ್ಳಗಿದ್ದರೆ ಹಸಿದಿದೆ. ತಿಳಿ ಚಹಾದ ಬಣ್ಣ ಬಂದಿದ್ದರೆ ಅವತ್ತು ಮನೆಗೆ ಬರುವಾಗ ಅವರ ನಡಿಗೆಯೇ ಬೇರೆ.

ಕೊನೆಗೆ ಬೀರುವಿನ ತಳದಲ್ಲಿ, ಮಡಿಕೆ ಬಿಚ್ಚದ ಬಿಳಿ ಅಂಗಿಯೊಂದು ಸಿಕ್ಕಿತು.

"ಬಹುಮಾನದ ದಿನ ಹಾಕ್ಕೊಳ್ಳಿ ಅಂತ ತಂದಿದ್ದೆ. ಅವತ್ತೂ ಗ್ಯಾರೇಜ್ ಅಂಗೀಲೇ ಹೋಗಿ ನಿಂತ್ರು, ಪುಣ್ಯಾತ್ಮ."

ಅಮ್ಮ ಅಂಗಿಯನ್ನು ಮೂಗಿಗೆ ಹಿಡಿದಳು. ಅದರಲ್ಲಿ ಅವರ ವಾಸನೆಯೇ ಇರಲಿಲ್ಲ.

*

ಮನೆಯ ಹಿಂದೆ ಗ್ಯಾರೇಜು, ಗ್ಯಾರೇಜಿನ ಹಿಂದೆ ವಿಮಾನಗಳು ಮರೆತುಬಿಟ್ಟ ಹಳೆಯ ಓಡುಪಟ್ಟಿ. ಭಾನುವಾರಗಳಲ್ಲಿ ಅಲ್ಲಿ ಎರಡೆರಡು ಕಾರುಗಳು ನೆಟ್ಟಗೆ ಕಾಲು ಮೈಲಿ ಓಡುತ್ತವೆ. ಹತ್ತು ಸೆಕೆಂಡಿನ ಪಂದ್ಯ. ಸೀನು ಬಂದರೆ ಮುಗಿದೇ ಹೋಗಿರುತ್ತದೆ. ಆ ಹತ್ತು ಸೆಕೆಂಡಿಗಾಗಿ ಇಡೀ ಬೆಳಿಗ್ಗೆ ಕಾರ್ಬೊರೇಟರಿನ ಮೇಲೆ ಬಗ್ಗಿರುತ್ತಿದ್ದ ಅಪ್ಪನನ್ನು ಎಲ್ಲರೂ ಕರೆಯುತ್ತಿದ್ದುದು ಕಿವಿ ಮೇಸ್ತ್ರಿ ಎಂದು. ಹೆಂಡತಿ ಮೂರು ಸಲ ಊಟಕ್ಕೆ ಕರೆದರೂ ಕೇಳದ ಆ ಕಿವಿಗೆ, ಎಂಟು ಸಿಲಿಂಡರಿನಲ್ಲಿ ಒಂದು ಮುನಿಸಿಕೊಂಡಿದ್ದರೂ ಬೀದಿಯಾಚೆಯಿಂದಲೇ ಕೇಳುತ್ತಿತ್ತು.

ಅಂಗಳದಲ್ಲಿ ಅವರೊಡನೆ ಜಿದ್ದಿಗೆ ಬಿದ್ದವರೇ ಹೆಚ್ಚಾಗಿ ನೆರೆದಿದ್ದರು.

"ಹನ್ನೆರಡು ಸಲ ಸೋತಿದ್ದೀನಿ ಇವರ ಕೈಲಿ," ಎಂದ ಎದುರು ಗ್ಯಾರೇಜಿನವನು, ಪದಕ ಎಣಿಸುವವನಂತೆ.

"ನಾನು ಹದಿನೈದು," ಎಂದ ಇನ್ನೊಬ್ಬ.

"ಸುಳ್ಳು ಹೇಳ್ಬೇಡ್ವೋ, ನೀನು ಅಷ್ಟು ಸಲ ಫೈನಲ್‌ಗೇ ಬಂದಿಲ್ಲ!"

ಎಲ್ಲರೂ ನಕ್ಕು, ಒಳಗಿನ ಬಾಗಿಲತ್ತ ತಿರುಗಿ ನೋಡಿದರು.

ಅಪ್ಪ ಪಂದ್ಯಕ್ಕೆ ಹದಗೊಳಿಸುತ್ತಿದ್ದ ಕೆಂಪು ಕಾರಿನ ಮಾಲೀಕ ಮಗಳನ್ನು ಪಕ್ಕಕ್ಕೆ ಕರೆದ. "ನೋಡಮ್ಮ, ವ್ಯಾನ್ ಬರೋ ಮುಂಚೆ ಕಾರನ್ನ ಒಂದ್ಸಲ ಓಡಿಸಿ ಅವರನ್ನ ಕಳಿಸಿಕೊಡೋಣ. ನಾಳೆ ಕಾರು ಒಯ್ಯೋಕೆ ಲಾರಿ ತರಿಸ್ತೀನಿ. ಬೇರೆ ಗ್ಯಾರೇಜಲ್ಲಿ ಮಾತಾಡಿದ್ದೀನಿ."

"ನಾನಿದ್ದೀನಲ್ಲ ಸಾರ್. ಹದಿನಾಲ್ಕು ವರ್ಷ ಅಪ್ಪನ ಜೊತೆಗೇ..."

"ನೀನಿದ್ದೀಯ ಕಣಮ್ಮ. ಆ ಕಿವಿ ಇಲ್ವಲ್ಲ."

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು. ಅಪ್ಪನ ಹಿಂದೆಯೇ ಆ ಕಾರೂ ಹೊರಟರೆ ಗ್ಯಾರೇಜಿನಲ್ಲಿ ಉಳಿಯುವುದು ನಾಲ್ಕು ಗೋಡೆ.

ಆ ಗೋಡೆಯೊಂದರ ಕರಿಹಲಗೆಯ ಮೇಲೆ ಅಪ್ಪನ ಕೈಬರಹ ಹಾಗೇ ಇತ್ತು: ಮುಂದೆ ೯೬, ಹಿಂದೆ ೯೮. ಕಾರ್ಬೊರೇಟರಿನೊಳಗೆ ಪೆಟ್ರೋಲನ್ನು ಅಳೆದು ಬಿಡುವ ಹಿತ್ತಾಳೆಯ ಜೆಟ್‌ಗಳ ಅಂಕಿ ಅವು; ಅಂಕಿ ದೊಡ್ಡದಾದಷ್ಟು ಪೆಟ್ರೋಲ್ ಹೆಚ್ಚು. ಎರಡು ತಿಂಗಳ ಹಿಂದೆ, ಹಲ್ಲು ಕಟಕಟಿಸುವ ಚಳಿಯ ಬೆಳಿಗ್ಗೆ ಬರೆದು, ಮಧ್ಯಾಹ್ನ ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ.

"ಅವರು ಬಿಟ್ಟ ಹಾಗೇ ಇರ್ಲಿ," ಎಂದ ಕಾರು ಓಡಿಸುವ ಗಡ್ಡದವನು. "ಯಾರೂ ಕೈ ಹಚ್ಚೋದು ಬೇಡ."

ಎಲ್ಲರೂ ತಲೆಯಾಡಿಸಿದರು. ಮಗಳೂ ಆಡಿಸಿದಳು. ಅಪ್ಪನ ಕೊನೆಯ ತಿರುಪನ್ನು ತಿರುಗಿಸುವ ಎದೆ ಯಾರಿಗಿತ್ತು?

ಕಾರು ಕೆಮ್ಮುತ್ತ ಎದ್ದಿತು. ಸುಡುಬಿಸಿಲಿನಲ್ಲಿ ಕರಿಹೊಗೆ ಉಗುಳುತ್ತ, ಅರ್ಧ ಪಟ್ಟಿ ತೆವಳಿ, ಉಸಿರು ಕಟ್ಟಿದಂತಾಗಿ ನಿಂತೇಹೋಯಿತು. ಗಡ್ಡದವನು ಅದನ್ನು ಹೇಗೋ ಹಿಂದಕ್ಕೆ ತಂದ. ಹದಿನೈದು ಸಲ ಸೋತವನು ನೆಲ ನೋಡಿದ. ಮಾಲೀಕ ಗಡಿಯಾರ ನೋಡಿಕೊಂಡ. ಮಗಳ ಕಿವಿ ಬಿಸಿಯಾಯಿತು. ಅಪ್ಪ ಬದುಕಿದ್ದಾಗ ಒಮ್ಮೆಯೂ ಆಗದ ಅವಮಾನ ಇವತ್ತು, ಅವರ ಮನೆಯಂಗಳದಲ್ಲೇ ಆಗಿತ್ತು.

*

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಗೆದ್ದ ದಿನದ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಅಪ್ಪನೋ, ಮರುದಿನ ಬೆಳಿಗ್ಗೆಯೇ ಹಲಗೆಯನ್ನು ಅಂಗೈಯಲ್ಲೇ ಒರೆಸಿಬಿಡುತ್ತಿದ್ದರು.

"ಯಾಕಪ್ಪ ಅಳಿಸ್ತೀಯ? ಗೆದ್ದಿದ್ದಲ್ವಾ?"

"ನಿನ್ನೆ ಗಾಳಿಗೆ ಗೆದ್ವಿ. ಇವತ್ತಿನ ಗಾಳಿನ ಕೇಳಿದ್ಯಾ?"

ತಣ್ಣನೆಯ ಗಾಳಿ ದಟ್ಟ, ಹೆಚ್ಚು ಪೆಟ್ರೋಲ್ ಬೇಡುತ್ತದೆ. ಬಿಸಿಗಾಳಿ ತೆಳು, ಕಡಿಮೆ ಸಾಕು. ಇಷ್ಟೇ ಪಾಠ. ಆಮೇಲೆ ಅವಳನ್ನು ಬಯಲಲ್ಲಿ ಕಣ್ಣು ಮುಚ್ಚಿಸಿ ನಿಲ್ಲಿಸಿ, ಯಾವ ಜೆಟ್ ಬೇಕೆಂದು ಕೇಳುತ್ತಿದ್ದರು. ಸರಿ ಹೇಳಿದರೆ ಶಭಾಷ್ ಅನ್ನುವ ಮನುಷ್ಯನಲ್ಲ. ತಪ್ಪಿದರೆ ಮಾತ್ರ, "ಇನ್ನೊಂದ್ಸಲ ಉಸಿರಾಡು."

*

"ಅದೇನು ಸದ್ದೇ ಅದು?" ಅಮ್ಮ ಹಿತ್ತಿಲ ಬಾಗಿಲಿಗೆ ಬಂದಿದ್ದಳು. "ಅವರಿಗೆ ಕೇಳಿದ್ರೆ ಎದ್ದು ಬಂದಾರು!"

"ಅಪ್ಪ ಇಟ್ಟಿದ್ದನ್ನ ಮುಟ್ಟಬಾರ್ದು ಅಂತ..."

"ಯಾರೇ ಹೇಳಿದ್ದು? ನೀನು ಮೊದಲನೇ ಸಲ ಟ್ಯೂನ್ ಮಾಡಿದ ದಿನ ಮನೆಗೆ ಬಂದು, 'ಇವತ್ತು ನಾನು ಸುಮ್ನೆ ನಿಂತಿದ್ದೆ ಕಣೇ, ಎಲ್ಲಾ ಅವಳೇ ಮಾಡಿದ್ಲು' ಅಂತ ಹತ್ತು ಸಲ ಹೇಳಿದ್ರು. ನನ್ನ ನಿದ್ದೆ ಕೆಡಿಸಿದ್ರು. ಕೈ ಹಚ್ಚೇ, ಕಂಬದ ಹಾಗೆ ನಿಂತಿದ್ದೀಯಲ್ಲ!"

ಅಪ್ಪ ಅಷ್ಟು ಮಾತಾಡಿದ್ದರೆಂದು ಅವಳಿಗೆ ಇವತ್ತೇ ಗೊತ್ತಾದದ್ದು. ಗ್ಯಾರೇಜಿಗೆ ಹೋಗಿ ಅಂಗೈಯಲ್ಲಿ ಹಲಗೆಯನ್ನು ಒರೆಸಿದಳು.

"ಅಯ್ಯೋ!" ಎಂದ ಗಡ್ಡದವನು.

ಅವಳು ಬಯಲಿಗೆ ಬಂದು ಕಣ್ಣು ಮುಚ್ಚಿ ಉಸಿರಾಡಿದಳು. ಇನ್ನೊಂದು ಸಲ ಉಸಿರಾಡಿದಳು. ಹಲಗೆಯ ಮೇಲೆ ೯೨, ೯೪ ಎಂದು ಬರೆದು, ಕಾರ್ಬೊರೇಟರ್ ಬಿಚ್ಚಿ ನಾಲ್ಕು ಜೆಟ್ಟನ್ನೂ ಬದಲಿಸಿದಳು. ಹೊಸ ಪ್ಲಗ್ ಹಾಕಿದಳು. ಎಂಜಿನ್ ಎದ್ದ ಮೇಲೆ ಕಿವಿಯನ್ನು ಅದರತ್ತ ವಾಲಿಸಿ, ಕಾರ್ಬೊರೇಟರಿನ ನಾಲ್ಕು ಮೂಲೆಯ ತಿರುಪುಗಳನ್ನು ಕೂದಲೆಳೆಯಷ್ಟು ಒಳಕ್ಕೆ ತಿರುಗಿಸಿದಳು. ಗುಡುಗುಡು ಸದ್ದು ನಿಧಾನವಾಗಿ ಒಂದೇ ಲಯಕ್ಕೆ ಬಂತು. ಎದುರು ಗ್ಯಾರೇಜಿನವನ ಮುಖ ಅರಳಿತು.

"ಓಡಿಸಿ. ಆ ತುದೀಲಿ ಎಂಜಿನ್ ಆಫ್ ಮಾಡಿ. ಹಾಗೇ ತಳ್ಳಿಕೊಂಡು ಬರ್ಬೇಕು, ಇಲ್ಲಾಂದ್ರೆ ಪ್ಲಗ್ ಬಣ್ಣ ಸುಳ್ಳು ಹೇಳುತ್ತೆ."

ಕಾರು ಹೋದದ್ದು ಕಾಣಿಸಲಿಲ್ಲ. ಇದ್ದಲ್ಲಿ ಇರಲಿಲ್ಲ, ಅಷ್ಟೆ. ಕಿಟಕಿಯ ಗಾಜುಗಳು ಅದುರಿದವು. ಅಂಗಳದ ತುಂಬ ಗಂಡಸರು ನಾಚಿಕೆ ಬಿಟ್ಟು ಕೂಗಿದರು, ಅತ್ತರು.

ಅಪ್ಪನೆದುರು ಸೋತವರೆಲ್ಲ ಸೇರಿ, ಹೆಗಲು ಕೊಟ್ಟು ಕಾರನ್ನು ತಳ್ಳಿಕೊಂಡು ಬಂದರು. ಅವಳು ಪ್ಲಗ್ ಬಿಚ್ಚಿ ಎಲ್ಲರಿಗೂ ಕಾಣುವಂತೆ ಹಿಡಿದಳು. ತಿಳಿ ಚಹಾದ ಬಣ್ಣ.

ಮಾಲೀಕ ಕಣ್ಣೊರೆಸಿಕೊಂಡ. "ಲಾರಿ ಬೇಡ ಅಂತೀನಿ. ಭಾನುವಾರ ಎಷ್ಟು ಹೊತ್ತಿಗೆ ಬರ್ಲಿ?"

"ಬೆಳಿಗ್ಗೆ ಗಾಳಿ ನೋಡಿ ಹೇಳ್ತೀನಿ ಸಾರ್."

ವ್ಯಾನು ಬಂದು ನಿಂತಿತ್ತು. ಮಗಳು ಪ್ಲಗ್ಗನ್ನು ಹಿಡಿದುಕೊಂಡೇ ಅಪ್ಪನ ಬಳಿ ಬಂದು, ಅವರಿಗೆ ತೊಡಿಸಿದ್ದ ಬಿಳಿ ಅಂಗಿಯನ್ನೂ ಅಮ್ಮನ ಮುಖವನ್ನೂ ನೋಡುತ್ತ ನಿಂತಳು.

"ಏನ್ ನೋಡ್ತೀಯ? ಹಾಕು," ಎಂದು ಅಮ್ಮನೇ ಎಡಜೇಬನ್ನು ಅಗಲಿಸಿ ಹಿಡಿದಳು.

ಪ್ಲಗ್ ಇನ್ನೂ ಬೆಚ್ಚಗಿತ್ತು. ಬಿಳಿ ಬಟ್ಟೆಯ ಮೇಲೆ ಮಸಿ ಮೂಡಿತು. ನಲವತ್ತು ವರ್ಷದ ಅಭ್ಯಾಸ, ಉಜ್ಜಲೆಂದು ಅಮ್ಮನ ಹೆಬ್ಬೆರಳು ಕಲೆಯತ್ತ ಹೋಯಿತು. ಅದರ ಮೇಲೆ ಒಂದು ಗಳಿಗೆ ನಿಂತು, ಜೇಬಿನ ಗುಂಡಿ ಹಾಕಿತು.