ನೇಪಾಳದ ಸ್ವೆಟರ್

ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವ ನಲ್ಲೂರಿನ ಹುಲಿಗೆಮ್ಮನ ಹತ್ತಿರ ಚೌಕಾಸಿ ಮಾಡಿ ಗೆದ್ದವರಿಲ್ಲ. ಕೊಳ್ಳುವಾಗಲೂ ಅಷ್ಟೆ, ಅಂಗಡಿಯವನು ನೂರು ಎಂದರೆ ಅವಳದು ಮೂವತ್ತರಿಂದ ಶುರು. ಅಂಥವಳು ಹೋದ ಕಾರ್ತಿಕದಲ್ಲಿ ಊರವರ ಜೊತೆ ಕಾಶಿ, ನೇಪಾಳ ಯಾತ್ರೆಗೆ ಹೊರಟಾಗ ಪಶುಪತಿನಾಥನಿಗೇ ದಿಗಿಲಾಗಿರಬೇಕು.

ಕಠ್ಮಂಡುವಿನಲ್ಲಿ ಅವಳಿಗೆ ದೇವರಿಗಿಂತ ಮೊದಲು ಕಂಡಿದ್ದು ಸ್ವೆಟರ್. ಇಪ್ಪತ್ತು ವರ್ಷ ಚಳಿಗಾಲದಲ್ಲಿ ಬೆಳಗಿನ ಐದಕ್ಕೇ ಹೂವಿನ ಬುಟ್ಟಿಯ ಮುಂದೆ ಸೆರಗು ಹೊದ್ದು ನಡುಗಿದ ಹೆಂಗಸು, ಆಸೆಪಟ್ಟರೆ ತಪ್ಪೇನು? ಬೆಲೆ ಕೇಳಿ ಕೇಳಿ ಆರು ಅಂಗಡಿ ಬಿಟ್ಟಳು. ಕೊನೆಗೆ ಫುಟ್‌ಪಾತಿನಲ್ಲಿ ಕೂತು ಹೆಣೆಯುತ್ತಿದ್ದ ಒಬ್ಬ ಮುದುಕಿಯ ಹತ್ತಿರ ಮರೂನ್ ಬಣ್ಣದ್ದೊಂದು ಮನಸ್ಸಿಗೆ ಬಂತು. ಎಂಟುನೂರೆಂದು ಮುದುಕಿ ಎಂಟು ಬೆರಳು ತೋರಿಸಿದಳು, ಹುಲಿಗೆಮ್ಮ ಮೂರು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಕಾಲು ಗಂಟೆ ಹಗ್ಗಜಗ್ಗಾಡಿ, ಐನೂರಕ್ಕೆ ಕುದುರಿತು. ಹುಲಿಗೆಮ್ಮ ನೂರರ ಐದು ನೋಟು ಅವಳ ಕೈಗಿಟ್ಟು, ಮುದುಕಿ ಮನಸ್ಸು ಬದಲಿಸುವ ಮೊದಲೇ ಬಸ್ಸಿಗೆ ದೌಡಾಯಿಸಿದಳು.

ಬಸ್ ಇನ್ನೇನು ಹೊರಡಬೇಕು, ಮುದುಕಿ ಕೈಯಲ್ಲಿ ನೋಟು ಬೀಸುತ್ತಾ, ಕೂಗುತ್ತಾ ಓಡಿಬಂದಳು.

"ಕಮ್ಮಿಗೆ ಕೊಟ್ಟೆ ಅಂತ ಸ್ವೆಟ್ರು ವಾಪಸ್ ಕೇಳಾಕೆ ಬಂದಾಳೆ! ಬಸ್ ಬಿಡ್ರೀ!" ಎಂದು ಕಿರುಚಿ ಹುಲಿಗೆಮ್ಮ ಕಿಟಕಿಯ ಗಾಜು ಎಳೆದಳು. "ಕಳ್ಳಿ" ಎಂದೂ ಬೈದಳು. ಮುದುಕಿ ಗಾಜು ತಟ್ಟಿದಳು, ಬಸ್ಸಿನ ಜೊತೆಗೇ ಸ್ವಲ್ಪ ದೂರ ಓಡಿದಳು. ಒಂದು ಚಪ್ಪಲಿ ಕಳಚಿ ರಸ್ತೆಯಲ್ಲೇ ಉಳಿಯಿತು.

ಬಸ್ಸಿನವರೆಲ್ಲ ನಕ್ಕರು. ಹುಲಿಗೆಮ್ಮ ಸ್ವೆಟರ್ ಎತ್ತಿ ತೋರಿಸಿ, ಬೆಲೆ ಹೇಳಿ ಮೆರೆದಳು. ಬಸ್ ಊರು ದಾಟಿದ ಮೇಲೆ, ಯಾತ್ರೆಗೆ ಕರೆದುಕೊಂಡು ಹೋಗಿದ್ದ ರಂಗನಾಥ್ ಕೇಳಿದ, "ಯಾವ ನೋಟು ಕೊಟ್ರಿ ಹುಲಿಗೆಮ್ಮಾರೆ?"

"ನಮ್ಮವೇ. ಇನ್ಯಾವು?"

"ಅಯ್ಯೋ, ನಮ್ಮ ಐನೂರು ಅಂದ್ರೆ ಇಲ್ಲಿ ಎಂಟುನೂರು ಆಗ್ತೈತೆ. ಆ ಯಮ್ಮ ಹೇಳಿದ್ದು ಇಲ್ಲಿನ ರೂಪಾಯಿ ಲೆಕ್ಕ. ಮುನ್ನೂರು ಚಿಲ್ಲರೆ ವಾಪಸ್ ಕೊಡಾಕೆ ಓಡಿಬಂದಿದ್ದು ಕಣ್ರೀ."

ದುಡ್ಡು ಹೋಯಿತಲ್ಲ ಎಂದು ಯಾರೋ ಲೊಚಗುಟ್ಟಿದರು. ಹಾಳಾಗಲಿ ದುಡ್ಡು! ಹುಲಿಗೆಮ್ಮನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹೊರಟ ಬಸ್ಸಿನ ಹಿಂದೆ ಚಿಲ್ಲರೆ ಹಿಡಿದು ಓಡುವುದು ಹೇಗಿರುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಇಪ್ಪತ್ತು ವರ್ಷ ದಿನಾ ಮಾಡಿದ್ದು ಅದನ್ನೇ. ಬಸ್ಸಿನಲ್ಲಿ ಬೇರೆ ಯಾರಿಗೂ ತಿಳಿಯದಿದ್ದರೂ ಅವಳಿಗೆ ತಿಳಿಯಬೇಕಿತ್ತು.

ಊರಿಗೆ ಬಂದ ಮೇಲೆ ಸ್ವೆಟರ್ ಟ್ರಂಕು ಸೇರಿತು. ಪುಷ್ಯದ ಚಳಿ ಮೂಳೆ ಕೊರೆದರೂ ಹೊರಗೆ ಬರಲಿಲ್ಲ.

"ಯಾಕತ್ತೆ, ಹಾಕ್ಕಳಾಕೆ ಏನಾಗೈತೆ?" ಎಂದು ಸೊಸೆ ಅರುಣಾ ಕೇಳಿದಳು.

"ಬಿಗಿ ಆಗ್ತೈತೆ ಕಣೆ."

ಅದರೊಳಗೆ ಅತ್ತೆ ಸೊಸೆ ಇಬ್ಬರೂ ಹಿಡಿಸುತ್ತಿದ್ದರು.

ಮೊನ್ನೆ ಬೆಳಗ್ಗೆ ಶಿವಮೊಗ್ಗದ ಬಸ್ಸಿನಲ್ಲಿದ್ದ ಹುಡುಗಿಯೊಬ್ಬಳು ಕಿಟಕಿಯಿಂದಲೇ ಒಂದು ಮೊಳ ಸೇವಂತಿಗೆ ಕೊಂಡು ನೂರರ ನೋಟು ಕೊಟ್ಟಳು. ಚಿಲ್ಲರೆ ಹುಡುಕುವಷ್ಟರಲ್ಲಿ ಬಸ್ ಹೊರಟಿತು. ಹುಲಿಗೆಮ್ಮ ಎಂದಿನಂತೆ ಸೀರೆ ಎತ್ತಿ ಹಿಡಿದು ಓಡಿದಳು. ನೋಡುತ್ತಾಳೆ, ಅವಳಿನ್ನೂ ಹತ್ತು ಮಾರು ಹಿಂದಿರುವಾಗಲೇ ಹುಡುಗಿಯ ಕೈ ಕಿಟಕಿಯಿಂದ ಹೊರಗೆ ಚಾಚಿಕೊಂಡಿತ್ತು.

"ನಿಧಾನ ಬರ್ರಿ ಅಜ್ಜಿ, ಬಿದ್ದೀರಿ!"

ಚಿಲ್ಲರೆ ಆ ಕೈಗೆ ತುರುಕಿ ಹುಲಿಗೆಮ್ಮ ರಸ್ತೆ ಮಧ್ಯೆಯೇ ನಿಂತುಬಿಟ್ಟಳು. ಹಿಂದಿನ ಆಟೋದವನು ಹಾರ್ನ್ ಹೊಡೆದದ್ದೂ ಕೇಳಲಿಲ್ಲ. ಅವತ್ತು ಕಠ್ಮಂಡುವಿನಲ್ಲಿ ಕಿಟಕಿಯಿಂದ ಒಂದು ಕೈ ಹೊರಗೆ ಚಾಚಬೇಕಿತ್ತು, ಅಷ್ಟೇ. ಅದೂ ಅವಳಿಂದ ಆಗಿರಲಿಲ್ಲ.